ಎರಡನೆಯ ಕಮಾನಿನಲ್ಲಿ ಅವ್ವನ ಕಲ್ಲು

ನಮ್ಮೂರಿನಲ್ಲಿ ಸೇತುವೆ ಬಡಿಯುವ ದಿನ ಬೆಳಗಿನಿಂದ ಯಾರೂ ರೊಟ್ಟಿ ಮುಟ್ಟುವುದಿಲ್ಲ. ಎಲ್ಲರ ಬಾಯಲ್ಲೂ ಒಂದೊಂದು ಹುಣಸೆ ಬೀಜ ಇರುತ್ತದೆ. ಇಂಜಿನಿಯರರ ಸುತ್ತಿಗೆ ತನ್ನ ಕಲ್ಲಿನ ಮೇಲೆ ಬೀಳುವ ಹೊತ್ತಿಗೆ ಬೀಜವನ್ನು ದವಡೆಗೆ ಸರಿಸಿ ಕಚ್ಚಿ ಹಿಡಿದರೆ ಮುಖ ಕದಲುವುದಿಲ್ಲ. ಮಕ್ಕಳಿಗೆ ನಾಲ್ಕು ತುಂಬಿದ ಕೂಡಲೇ ತಾಯಂದಿರು ಇದನ್ನು ಕಲಿಸುತ್ತಾರೆ. ಬೆನ್ನ ಮೇಲೊಂದು ಗುದ್ದಿ "ನಗು" ಅನ್ನುತ್ತಾರೆ. ಅಳದೆ ನಕ್ಕ ಮಗುವಿಗೆ ಬೆಲ್ಲ. ನನಗೂ ಬೆಲ್ಲ ಸಿಕ್ಕಿತ್ತು. ಈಗ ನೆನೆದರೆ ಉಗಿಯಬೇಕು ಅನ್ನಿಸುತ್ತದೆ.

ಹುಟ್ಟಿದ ಹದಿಮೂರನೆಯ ದಿನ ಮಗುವಿನ ಅಂಗಾಲಿಗೆ ಸುಣ್ಣ ಹಚ್ಚಿ ಸೇತುವೆಯ ಒಂದು ಕಲ್ಲಿಗೆ ಒತ್ತುತ್ತಾರೆ. ಅಲ್ಲಿಂದ ಸಾಯುವತನಕ ಆ ಕಲ್ಲು ಅದರದೇ. ಕಲ್ಲಿನ ಸಂದಿನ ಗಾರೆ ಉದುರಿದರೆ ಆ ಮನುಷ್ಯನ ಕೀಲು ಹಿಡಿಯುತ್ತದೆ. ಕಲ್ಲು ನೆನೆದು ಹಸಿರುಗಟ್ಟಿದರೆ ಎದೆಯಲ್ಲಿ ಕಫ ಕಟ್ಟುತ್ತದೆ. ಮೇಲಿನ ಓಣಿಯವರ ಕಲ್ಲುಗಳೆಲ್ಲ ಸೇತುವೆಯ ಮೇಲೆ, ಅಕ್ಕಪಕ್ಕದ ಕಟ್ಟೆಯಲ್ಲಿವೆ. ಅವು ಹೊರುವುದು ಸಂಜೆ ಗಾಳಿಗೆ ಬಂದು ಕೂತವರ ಕುಂಡಿಯನ್ನಷ್ಟೇ. ಕೆಳಗಿನ ಓಣಿಯ ನಮ್ಮವು ಕಮಾನುಗಳಲ್ಲಿವೆ. ಬಸ್ಸು, ಚಕ್ಕಡಿ, ಮೇಲಿನ ಓಣಿಯವರ ಕಟ್ಟೆ, ಅದರ ಮೇಲೆ ಕೂತ ಅವರು, ಎಲ್ಲವನ್ನೂ ಹೊರುವವು ನಮ್ಮ ಕಲ್ಲುಗಳೇ.

ನನ್ನ ಹೆಸರು ಸಾವಂತ್ರಿ. ಆರನೇ ಇಯತ್ತೆಗೆ ಶಾಲೆ ಬಿಟ್ಟವಳು. ಎದ್ದು ನಿಂತು ಓದು ಅಂದರೆ ನನ್ನ ಗಂಟಲಿನಿಂದ ಧ್ವನಿಯೇ ಏಳುತ್ತಿರಲಿಲ್ಲ. ಮಾಸ್ತರರಿಗೂ ಬೇಸರವಾಯಿತು, ನನಗೂ ಆಯಿತು. ಆಮೇಲೆ ಸೇತುವೆಯ ಸಂದು ಕೀಳುವ ಕೆಲಸಕ್ಕೆ ಹೋದೆ. ಹರಿಗೋಲಿನಲ್ಲಿ ನಿಂತು ಕಮಾನಿನ ಕಲ್ಲುಗಳ ನಡುವೆ ಹುಟ್ಟಿದ ಅರಳಿ ಸಸಿ, ಹುಲ್ಲು, ಪಾಚಿಯನ್ನು ಸರಳಿನಿಂದ ಕಿತ್ತು ತೆಗೆಯುವುದು. ಏಳು ವರ್ಷ ಅದನ್ನೇ ಮಾಡಿದ್ದೇನೆ. ಅರಳಿ ಬೇರನ್ನು ದಿಢೀರನೆ ಎಳೆಯಬಾರದು. ಎಳೆದರೆ ಊರಿನಲ್ಲಿ ಯಾರೋ ಒಬ್ಬರು ಮೊಣಕಾಲು ಹಿಡಿದು ಕೂರುತ್ತಾರೆ. ಮಾತಾಡುವ ಗೊಡವೆಯಿಲ್ಲದ ಕೆಲಸ. ನೋಡುವುದು, ಮುಟ್ಟುವುದು, ಕಿವಿಗೊಡುವುದು, ಅಷ್ಟೇ.

ಸೇತುವೆ ಬಡಿಯುವ ಕ್ರಮ ಹೀಗೆ. ಇಂಜಿನಿಯರ್ ಚಿದಂಬರಯ್ಯನವರು ಕೆಳಗೆ ಹರಿಗೋಲಿನಲ್ಲಿ ನಿಂತು ಒಂದೊಂದೇ ಕಲ್ಲನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾರೆ. ಕಲ್ಲಿನವರು ಮೇಲೆ ಸೇತುವೆಯ ಮೇಲೆ ನಿಂತಿರುತ್ತಾರೆ. ಅಲ್ಲಿಂದ ಕೂಗಿ ಹೇಳುತ್ತಾರೆ, ಗಟ್ಟಿಯೋ ಸಡಿಲೋ. ಅವರು ಹೇಳಿದ್ದನ್ನು ಸಾಹೇಬರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಒಬ್ಬರ ಕಲ್ಲಿನ ವಿಷಯದಲ್ಲಿ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಸಾಹೇಬರಿಗೆ ಯಾರ ಮುಖವೂ ಕಾಣುವುದಿಲ್ಲ. ಮುಖ ಕಾಣುವುದು ಅಕ್ಕಪಕ್ಕ ನಿಂತ ಊರವರಿಗೆ. ಹುಣಸೆ ಬೀಜ ಅವರಿಗೋಸ್ಕರ.

ನಾನು ಕಂಡಂತೆ ಯಾರೂ ಯಾವತ್ತೂ ಸಡಿಲು ಅಂದದ್ದಿಲ್ಲ. ಸಡಿಲಾದ ಕಲ್ಲಿಗೆ ಒಂದು ತಿಂಗಳು ತೆಳು ಸುಣ್ಣ ಕುಡಿಸಿದರೆ ಸಾಕು, ಕಲ್ಲೂ ಕೂಡುತ್ತದೆ, ಮನುಷ್ಯನೂ ಎದ್ದು ಓಡಾಡುತ್ತಾನೆ. ಅಷ್ಟು ಸುಲಭ. ಆದರೆ ಪುಸ್ತಕದಲ್ಲಿ ಸಡಿಲು ಎಂದು ಬರೆಸದೆ ಸುಣ್ಣ ಕುಡಿಸುವಂತಿಲ್ಲ. ಒಮ್ಮೆ ಹಾಗೆ ಬಿದ್ದರೆ ಅವರನ್ನು ತೊಟ್ಟಿಲಿಗೆ ಕರೆಯುವುದಿಲ್ಲ, ಉಡಿ ತುಂಬಲು ಕರೆಯುವುದಿಲ್ಲ, ಆ ಮನೆಯಿಂದ ಹೆಣ್ಣು ತರುವುದಿಲ್ಲ. ಎಂಟು ವರ್ಷದ ಹಿಂದೆ ಮೂರನೆಯ ಕಮಾನಿನ ಒಂದು ಕಲ್ಲು ಕಳಚಿ ಹೊಳೆಗೆ ಬಿತ್ತು. ಅದೇ ಗಳಿಗೆಯಲ್ಲಿ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದ ಬಾಳವ್ವ ಕುಸಿದು ಬಿದ್ದಳು, ಮತ್ತೆ ಏಳಲಿಲ್ಲ. ಅವಳ ಕಲ್ಲು ಪುಸ್ತಕದಲ್ಲಿ ಗಟ್ಟಿ ಎಂದೇ ಇತ್ತು. ಬಿಸಿಲು ಹೊಡೆಯಿತು ಎಂದರು ಊರವರು. ಅವತ್ತು ಮೋಡ ಮುಚ್ಚಿತ್ತು. ನಾನು ಅಲ್ಲೇ ಇದ್ದೆ, ನೋಡಿದ್ದೇನೆ.

ಈ ವರ್ಷ ಸೇತುವೆ ಕಮಿಟಿಯ ಅಧ್ಯಕ್ಷ ಗುರಪಾದಪ್ಪನಿಗೆ ಎಲ್ಲಿಲ್ಲದ ಅವಸರವಿತ್ತು. ಬಸ್ಸಿಗಿಂತ ಭಾರದ ಗಾಡಿ ಬಾರದಂತೆ ಸೇತುವೆಯ ಬಾಯಿಗೆ ಎತ್ತರದಲ್ಲಿ ಒಂದು ಕಬ್ಬಿಣದ ತೊಲೆ ಅಡ್ಡ ಹಾಕಿದ್ದಾರೆ. ಎಲ್ಲ ಕಲ್ಲುಗಳೂ ಗಟ್ಟಿ ಎಂದಾದರೆ ಆ ತೊಲೆ ತೆಗೆದು, ಅವನ ಭಾವನ ಕ್ವಾರಿಯಿಂದ ಹನ್ನೆರಡು ಗಾಲಿಯ ಲಾರಿಗಳನ್ನು ಬಿಡುವುದೆಂದು ಮಾತಾಗಿತ್ತು. "ಊರು ಗಟ್ಟಿ ಐತಿ ಅಂತ ಹತ್ತೂರಿಗೆ ಗೊತ್ತಾಗ್ಲಿ" ಎಂದು ಓಣಿ ಓಣಿ ತಿರುಗಿದ. ಅವನ ಕಲ್ಲು ಮೊದಲ ದೀಪದ ಕಂಬದ ಹತ್ತಿರ, ಕಟ್ಟೆಯಲ್ಲಿದೆ. ಅದರ ಮೇಲೆ ಗುಬ್ಬಿ ಕೂತರೆ ದೊಡ್ಡ ಭಾರ.

ಬಡಿಯುವ ದಿನಕ್ಕೆ ಮೂರು ವಾರ ಇರುವಾಗ ಎರಡನೆಯ ಕಮಾನಿನ ನೆತ್ತಿಯಲ್ಲಿ ಹುಲ್ಲು ಕೀಳುತ್ತಿದ್ದೆ. ಅವ್ವನ ಕಲ್ಲಿನ ಸಂದಿಗೆ ಸರಳು ಹಾಕಿದೆ. ಗೇಣು ಹೋಗಿ ನಿಲ್ಲಬೇಕಾದ ಸರಳು ಒಂದು ಮೊಳ, ಬೆರಳ ತುದಿಯಿಂದ ಮೊಣಕೈತನಕದಷ್ಟು ಒಳಗೆ ಹೋಯಿತು. ಹೊರಗೆಳೆದಾಗ ತುದಿಗೆ ಒದ್ದೆ ಹಿಟ್ಟಿನ ಹಾಗೆ ಗಾರೆ ಮೆತ್ತಿಕೊಂಡಿತ್ತು. ಪಾಚಿ ಕೆರೆದು ನೋಡಿದರೆ ಕಲ್ಲಿನ ಈ ಅಂಚಿನಿಂದ ಆ ಅಂಚಿಗೆ ಕೂದಲಿಗಿಂತ ದಪ್ಪನೆಯ ಬಿರುಕು. ಹರಿಗೋಲಿನಲ್ಲೇ ಕೂತುಬಿಟ್ಟೆ. ನಾಲ್ಕು ವರ್ಷದಿಂದ ಅವ್ವ ಎಡ ಪಕ್ಕೆ ಒತ್ತಿ ಹಿಡಿದು ನಡೆಯುತ್ತಿದ್ದಳು. ಒಂದು ಕೊಡ ನೀರು ತರಲು ಮೂರು ಕಡೆ ನಿಲ್ಲುತ್ತಿದ್ದಳು. ಕೇಳಿದರೆ, ಜೋಳದ ಹೊಟ್ಟು ಮೂಗಿಗೆ ಹೋಗಿದೆ ಅನ್ನುತ್ತಿದ್ದಳು. ನಾಲ್ಕು ವರ್ಷ ಎಂಥ ಹೊಟ್ಟು?

ಮನೆಗೆ ಹೋದಾಗ ಅವಳು ಜೋಳ ಕೇರುತ್ತಿದ್ದಳು.

"ಅವ್ವಾ, ಇವತ್ತು ಸರಳು ಮೊಣಕೈತನಕ ಹೋತು" ಅಂದೆ.

"ಯಾರ ಕಲ್ಲಿಗೆ?"

"ನಿನ್ನ ಕಲ್ಲಿಗೆ."

ಮೊರ ನಿಲ್ಲಲಿಲ್ಲ. "ಹಂಗಾರ ಸರಳು ಸಣ್ಣದಾಗೇತಿ. ದಪ್ಪಂದು ಮಾಡಿಸ್ಕೊ."

"ಚಾಷ್ಟಿ ಮಾಡಬ್ಯಾಡ. ಈ ಸಲ ಸಾಹೇಬ್ರಿಗೆ ಹೇಳು. ಒಂದು ತಿಂಗಳು ಸುಣ್ಣ ಕುಡಿಸಿದ್ರ ಕೂಡತೈತಿ. ಲಾರಿ ಬಿಟ್ರ ಅದು ನಿಲ್ಲಂಗಿಲ್ಲ ಅವ್ವಾ. ಬಾಳವ್ವಂದು ನೆನಪೈತಿಲ್ಲೋ?"

"ಹೇಳಿ ಸಡ್ಲ ಕಾಶವ್ವ ಅಂತ ಕರಿಸ್ಕೊಳ್ಳಲೇನು?" ಅವಳು ಮೊರ ಕೆಳಗಿಟ್ಟಳು. "ನಮ್ಮ ಓಣಿ ದುಂಡವ್ವ ತನ್ನ ಅಣ್ಣನ ಮಗಗ ನಿನ್ನ ಕೇಳ್ಯಾಳ. ಬಡಿಯೂದು ಮುಗಿದ ಮಾರನೇ ದಿನ ಎಲಿ ಅಡಿಕಿ ತರ್ತಾರ. ಅವ್ವಂದು ಸಡ್ಲ ಅಂದ್ರ ತಿರುಗಿ ನೋಡ್ತಾರೇನ ಅವರು?"

"ನೋಡೂದು ಬ್ಯಾಡ."

"ನೀ ಸುಮ್ಮನಿರು. ಮಾತ ಬರದಾಕಿ ಇವತ್ತ ಬಾಳ ಮಾತಾಡಾಕತ್ತಿ."

ನನಗೆ ಸಿಟ್ಟು ಬಂದದ್ದು ಆಗ. ದುಃಖ ಅಲ್ಲ, ಸಿಟ್ಟು. ಆ ಬಿರುಕನ್ನು ನನ್ನ ಹೆಸರಿನ ಅರಿವೆಯಲ್ಲಿ ಸುತ್ತಿ ಬಚ್ಚಿಟ್ಟಿದ್ದಳು ಅವ್ವ. ಲಾರಿ ಬಂದು ಅವಳು ಸತ್ತರೆ ಊರೆಲ್ಲ ಏನನ್ನುತ್ತದೆ? ಮಗಳಿಗಾಗಿ ಜೀವ ಸವೆಸಿದ ತಾಯಿ ಎಂದು ಹೊಗಳುತ್ತದೆ. ನಾನು ಆ ಹೊಗಳಿಕೆಯ ಕೆಳಗೆ ಬದುಕಬೇಕು. ಕೇಳಿದ್ದೆನೇ ನಾನು? ಮೂರು ದಿನ ಅವಳ ಕೈಯ ರೊಟ್ಟಿ ತಿನ್ನಲಿಲ್ಲ. ನಾಲ್ಕನೆಯ ದಿನ ಹಸಿವು ತಡೆಯದೆ ತಿಂದೆ, ಅದಕ್ಕೂ ಸಿಟ್ಟು ಬಂತು.

ಬಡಿಯುವ ಹಿಂದಿನ ದಿನ ಚಿದಂಬರಯ್ಯನವರು ಹರಿಗೋಲು ನೋಡಲು ಬಂದರು. ದೂರದೂರಿನವರು, ಮೆತ್ತಗಿನ ಮನುಷ್ಯ, ಇಪ್ಪತ್ತೆರಡು ವರ್ಷದಿಂದ ನಮ್ಮ ಸೇತುವೆ ಬಡಿಯುತ್ತಿದ್ದಾರೆ. ಅವರನ್ನು ಕಮಾನಿನ ಕೆಳಗೆ ಕರೆದೊಯ್ದು, ಏನೂ ಮಾತಾಡದೆ ಸರಳನ್ನು ಅವ್ವನ ಕಲ್ಲಿನ ಸಂದಿಗೆ ಮೆಲ್ಲಗೆ ತೂರಿಸಿದೆ. ಅವರು ಕನ್ನಡಕ ಒರೆಸಿಕೊಂಡು ನೋಡಿದರು.

"ಇದು ಯಾರದಮ್ಮ?"

"ನಮ್ಮವ್ವಂದ್ರಿ."

"ಹಾಗಾದರೆ ಅವರೇ ಹೇಳಬೇಕಲ್ಲಮ್ಮ. ನಿಯಮ ನಿನಗೂ ಗೊತ್ತು. ನಾನು ತಟ್ಟುವವನು, ಬರೆಯುವವನು. ಒಂದು ಕಮಾನಿನಲ್ಲಿ ಒಂದೇ ಒಂದು ಕಲ್ಲಿನವರು ಸಡಿಲು ಅಂದರೂ ಸಾಕು, ತೊಲೆ ತೆಗೆಯೋಕೆ ನಾನು ಬಿಡೋದಿಲ್ಲ, ಕಮಾನಿನ ಕೆಳಗೆ ಮರದ ಊರೆ ನಿಲ್ಲಿಸಿ ಆಸರೆ ಕೊಡಿಸ್ತೀನಿ. ಆದರೆ ಅನ್ನಬೇಕಲ್ಲ ಯಾರಾದರೂ?"

ಅವರಿಗೆ ಕಿವಿ ಇತ್ತು. ಗಟ್ಟಿ ಕಲ್ಲು ತಟ್ಟಿದರೆ ಠಣ್ ಅನ್ನುತ್ತದೆ, ಒಡೆದದ್ದು ಡಬ್ ಅನ್ನುತ್ತದೆ. ನನಗೇ ಗೊತ್ತಾಗುವುದು ಅವರಿಗೆ ಗೊತ್ತಾಗುವುದಿಲ್ಲವೇ? ಇಪ್ಪತ್ತೆರಡು ವರ್ಷ ಡಬ್ ಎಂದು ಕೇಳಿ ಗಟ್ಟಿ ಎಂದು ಬರೆದ ಮನುಷ್ಯ. ಅಂಥವರು ಮೆತ್ತಗೆ ಮಾತಾಡಿದರೆ ಇನ್ನೂ ಸಿಟ್ಟು ಬರುತ್ತದೆ.

ಮರುದಿನ ಬೆಳಿಗ್ಗೆ ಇಡೀ ಊರು ಸೇತುವೆಯ ಮೇಲಿತ್ತು. ಅಡ್ಡ ತೊಲೆಯ ಆಚೆ ಎರಡು ಲಾರಿಗಳನ್ನು ಆಗಲೇ ತಂದು ನಿಲ್ಲಿಸಿ ಮಾಲೆ ಹಾಕಿದ್ದರು. ನಾನು ಹರಿಗೋಲು ನಡೆಸುತ್ತಿದ್ದೆ. ಮೊದಲ ಕಮಾನು ಮುಗಿಯಿತು. ಹದಿನೇಳು ಕಲ್ಲು ಡಬ್ ಅಂದವು. ಮೇಲಿಂದ ಹದಿನೇಳು ಸಲವೂ "ಗಟ್ಟಿ ಐತ್ರಿ" ಎಂದು ಕೂಗು ಬಂತು. ಕಲ್ಲು ಎಷ್ಟು ಟೊಳ್ಳೋ ಕೂಗು ಅಷ್ಟು ದೊಡ್ಡದು. ಎರಡನೆಯ ಕಮಾನಿನಲ್ಲಿ ದುಂಡವ್ವನ ಕಲ್ಲು ತಟ್ಟಿದಾಗ ಒಡೆದ ಮಡಕೆಯ ಸದ್ದು ಬಂತು. "ಗಟ್ಟಿ ಐತಿ ಬರ್ಕೋರೀ!" ಎಂದು ಅವಳು ಕಿರುಚಿದ್ದಕ್ಕೆ ಮೇಲೆ ಯಾರೋ, "ಯಕ್ಕಾ, ಸಾವಕಾಶ, ಸಾಹೇಬ್ರು ಹೊಳಿಗೆ ಬಿದ್ದಾರು" ಅಂದರು. ಎಲ್ಲರೂ ನಕ್ಕರು.

ಆಮೇಲೆ ಅವ್ವನ ಕಲ್ಲು. ಸಾಹೇಬರು ಬೇಕೆಂದೇ ಮೆಲ್ಲಗೆ ತಟ್ಟಿದರು. ಆದರೂ ಗಾರೆಯ ಚೂರುಗಳು ನನ್ನ ತಲೆಯ ಮೇಲೆ ಉದುರಿದವು. ಸಾಹೇಬರ ಪೆನ್ನು ಕಾಯಿತು, ನಾನೂ ಕಾದೆ. ಹೇಳಿಬಿಡು ಅವ್ವಾ, ಅಂದುಕೊಂಡೆ.

"ಗಟ್ಟಿ" ಎಂದಿತು ಅವಳ ಧ್ವನಿ. ಉಸಿರು ಸಾಲದೆ ನಿಂತು, ಮತ್ತೆ, "ಐತ್ರಿ" ಎಂದಿತು.

ಸಾಹೇಬರು ನನ್ನ ಮುಖ ನೋಡಿದರು. ನೋಡಿ, ಬರೆದರು.

ಹೆಣ್ಣುಮಕ್ಕಳ ಕಲ್ಲು ತಾಯಿಯ ಕಲ್ಲಿಗೆ ಹತ್ತಿಕೊಂಡೇ ಇರುತ್ತದೆ. ಮುಂದಿನದು ನನ್ನದು. ತಟ್ಟಿದರು. ಠಣ್ ಎಂದಿತು, ಗುಡಿಯ ಗಂಟೆಯ ಹಾಗೆ. ನನಗೆ ಸಣ್ಣ ಕಚಗುಳಿ ಇಟ್ಟ ಹಾಗಾಯಿತು, ಅಷ್ಟೇ. ಪ್ರತಿ ವರ್ಷ ನಾನು ಇಲ್ಲಿ ತಲೆ ಆಡಿಸುತ್ತಿದ್ದೆ, ಅವರು ಗಟ್ಟಿ ಎಂದು ಬರೆಯುತ್ತಿದ್ದರು. ಈ ಸಲವೂ ಪೆನ್ನು ಆಗಲೇ ಹಾಳೆ ಮುಟ್ಟಿತ್ತು.

"ಸಡ್ಲ ಐತ್ರಿ" ಅಂದೆ.

"ಏನಂದೆ?"

"ನಂದು ಸಡ್ಲ ಐತ್ರಿ. ಬರ್ಕೋರಿ."

ಅವರು ಮತ್ತೊಮ್ಮೆ ತಟ್ಟಿದರು. ಕಲ್ಲು ಮತ್ತೆ ಗಂಟೆಯ ಹಾಗೆ ಅಂದಿತು. "ಯಾಕಮ್ಮ ಸುಳ್ಳು ಹೇಳ್ತೀಯ?" ಎಂದರು ಮೆಲ್ಲಗೆ.

"ಸುಳ್ಳ ಬರಿಯಾಕತ್ತು ನಿಮಗ ಇಪ್ಪತ್ತೆರಡು ವರ್ಷ ಆತ್ರಿ. ಇದೊಂದು ಕೈಗೆ ಭಾರ ಆಕೈತೇನು?"

ಇದನ್ನು ನಾನು ಕೂಗಿ ಹೇಳಿದ್ದೆ. ಕಮಾನಿನ ಒಳಗೆ ಮಾತು ಸುತ್ತಿ ಸುತ್ತಿ ಮೇಲಕ್ಕೆ ಹೋಯಿತು. ಕಟ್ಟೆಯ ಆಚೆಯಿಂದ ಗುರಪಾದಪ್ಪನ ರುಮಾಲು ಇಣುಕಿತು.

"ಯಾರದು ಕೆಳಗ ಒದರೂದು?"

"ಕಾಶವ್ವನ ಮಗಳ್ರಿ. ತನ್ನ ಕಲ್ಲ ಸಡ್ಲ ಅಂತಾಳ" ಎಂದರು ಯಾರೋ.

"ಏ ಹುಡುಗಿ, ಬಾಯಿ ಮುಚ್ಚು! ಸಾಹೇಬ್ರ, ಅದಕ್ಕ ಮಾತ ಬರಂಗಿಲ್ಲ. ಸಾಲಿ ಬಿಟ್ಟದ್ದು, ತಿಳುವಳಿಕಿ ಇಲ್ಲ. ಗಟ್ಟಿ ಅಂತ ಬರದು ಮುಂದ ಹೋಗ್ರಿ."

"ಅಯ್ಯ ನಮ್ಮವ್ವಾ! ನಮ್ಮ ಅಣ್ಣನ ಮನಿಗೆ ಈಕಿನ್ನ ತರಾಕ ನಿಂತಿದ್ನಲ್ಲ ನಾನು!" ಇದು ದುಂಡವ್ವನ ಧ್ವನಿ. ಒಡೆದ ಕಲ್ಲಿನ ಮೇಲೆ ನಿಂತು ಹೇಳುತ್ತಿದ್ದಾಳೆ ಇದನ್ನು.

"ಬರ್ಕೋರಿ" ಎಂದೆ ಸಾಹೇಬರಿಗೆ. ಅವರು ಬರೆದರು. ನನ್ನ ಹೆಸರಿನ ಮುಂದೆ ಸಡಿಲು ಎಂದು ಬಿದ್ದದ್ದನ್ನು ನಾನೇ ಓದಿದೆ. ಅಷ್ಟು ಓದಲು ಬರುತ್ತದೆ ನನಗೆ.

ಅಷ್ಟರಲ್ಲಿ ಅವ್ವ ದಂಡೆಯ ಪಾವಟಿಗೆ ಇಳಿಯುತ್ತಿದ್ದಳು. ನಾಲ್ಕು ಪಾವಟಿಗೆಗೊಮ್ಮೆ ನಿಂತು, ಪಕ್ಕೆ ಹಿಡಿದು, ಮತ್ತೆ ಇಳಿದಳು. ಸೀರೆ ಎತ್ತದೆ ಮೊಣಕಾಲುದ್ದ ನೀರಿಗೆ ಬಂದು, ಹರಿಗೋಲಿನ ಅಂಚು ಹಿಡಿದು, ಬಾಯೊಳಗಿನ ಬೀಜ ಉಗುಳಿ ನನ್ನ ಕೆನ್ನೆಗೆ ಬಾರಿಸಿದಳು.

"ಹುಚ್ಚ ಮೂಳಿ, ಏನಾಗೈತಿ ನಿನ್ನ ಕಲ್ಲಿಗೆ?"

"ಸಡ್ಲ ಐತಿ."

"ಇಲ್ಲ!"

"ನನ್ನ ಕಲ್ಲು. ನಾ ಹೇಳಿದ್ದ ಖರೆ. ನಿನ್ನ ಕಲ್ಲು ಗಟ್ಟಿ ಅಂತ ನೀ ಹೇಳಿಲ್ಲೇನು? ಹಂಗ."

ಅವಳ ಕೈ ಮತ್ತೊಮ್ಮೆ ಎದ್ದಿತು. ಎದ್ದ ಕೈ ಅಲ್ಲೇ ನಿಂತಿತು. ಅವಳು ಯೋಚಿಸುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು. ಈಗ ಬೀಜ ಇರಲಿಲ್ಲ, ಎಲ್ಲವೂ ಕಾಣುತ್ತಿತ್ತು. ಮಗಳ ಹೆಸರು ಉಳಿಸಬೇಕೆಂದರೆ ಒಡೆದದ್ದು ಮಗಳದಲ್ಲ, ತನ್ನದು ಎಂದು ಊರಿಗೆ ಹೇಳಬೇಕು, ಬೇರೆ ದಾರಿಯಿಲ್ಲ. ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಆಮೇಲೆ ತಿರುಗಿ ಸೇತುವೆಯ ಕಡೆ ಮುಖವೆತ್ತಿದಳು.

"ನನ್ನ ಮಗಳ ಕಲ್ಲು ಗಟ್ಟಿ ಐತ್ರಿ! ಆಕಿ ಸುಳ್ಳ ಹೇಳಾಕತ್ತಾಳ! ಒಡದದ್ದು ನಂದು! ಈ ಕಡಿಂದ ಆ ಕಡಿಮಟಾ ಒಡದೈತಿ! ನಾಕ ವರ್ಷ ಆತು, ಮಗ್ಗಲಾಗಿ ಮಲಗಾಕ ಬಂದಿಲ್ಲ ನನಗ!"

ಅಲ್ಲಿಗೆ ಉಸಿರು ಮುಗಿದು ನೀರಿನಲ್ಲೇ ಕೂತಳು. ನಾನು ಹಾರಿ ಅವಳ ರಟ್ಟೆ ಹಿಡಿದೆ. ಕೊಡವಿ ಹಾಕಿದಳು. ಮತ್ತೆ ಹಿಡಿದೆ.

"ಹೆಂಗಸ್ರ ಜಗಳ ಅದು ಸಾಹೇಬ್ರ" ಎಂದ ಗುರಪಾದಪ್ಪ ಮೇಲಿಂದ. "ಕಾಶವ್ವ ಮೊದಲ ಗಟ್ಟಿ ಅಂದಾಳ. ನಾವು ನೂರು ಮಂದಿ ಕೇಳೇವಿ. ಅದನ್ನ ಇಟ್ಕೋರಿ."

ಚಿದಂಬರಯ್ಯನವರು ಪುಸ್ತಕ ನೋಡಿದರು, ಅವ್ವನನ್ನು ನೋಡಿದರು. "ಕಲ್ಲಿನವರು ಹೇಳಿದ್ದನ್ನು ಬರೆಯೋದು ನಿಯಮ, ಗುರಪಾದಪ್ಪನವರೇ. ಈಗ ಹೇಳಿದ್ದಾರೆ" ಎಂದು ಮೊದಲು ಬರೆದದ್ದನ್ನು ಹೊಡೆದುಹಾಕಿ ಬರೆದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಅವರ ಮೇಲೆ ಕನಿಕರ ಹುಟ್ಟಲಿಲ್ಲ. ಬಾಳವ್ವನ ಪುಟದಲ್ಲೂ ಒಂದು ಸಲ ಹೀಗೆ ಹೊಡೆದುಹಾಕಿದ್ದರೆ ಆಗುತ್ತಿತ್ತು.

ತೊಲೆ ಉಳಿಯಿತು. ಲಾರಿಗಳು ಮಾಲೆಯ ಸಮೇತ ಹಿಂದಕ್ಕೆ ಹೋದವು. ವಾರದೊಳಗೆ ಎರಡನೆಯ ಕಮಾನಿಗೆ ಮರದ ಊರೆ ಕೊಟ್ಟರು. ಗಾರೆ ಕೆಲಸದ ಇಮಾಮಸಾಬ ದಿನಾ ಬೆಳಿಗ್ಗೆ ಹರಿಗೋಲಿನಲ್ಲಿ ನಿಂತು ತವರದ ಕೊಳವೆಯಿಂದ ಅವ್ವನ ಕಲ್ಲಿಗೆ ತೆಳು ಸುಣ್ಣ ಕುಡಿಸಿದ. "ಏನ ನೀರಡಕಿ ನಿಮ್ಮವ್ವನ ಕಲ್ಲಿಗೆ! ಎಮ್ಮಿ ಕುಡದಂಗ ಕುಡೀತೈತಿ" ಎಂದು ನನಗೆ ಹೇಳಿ ನಗುತ್ತಿದ್ದ. ಆ ದಿನಗಳಲ್ಲಿ ನಮ್ಮ ಜೊತೆ ಮಾತಾಡಿದವನು ಅವನೊಬ್ಬನೇ.

ಪುಸ್ತಕದಲ್ಲಿ ನನ್ನದೂ ಸಡಿಲು ಎಂದೇ ಉಳಿದಿದೆ. ನನ್ನ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ದುಂಡವ್ವ ಎಲೆ ಅಡಿಕೆ ತರಲಿಲ್ಲ. ನಮ್ಮ ಮನೆಯ ಮುಂದೆ ಬಂದಾಗ ಓಣಿಯ ಹೆಂಗಸರು ಸೆರಗು ಎಳೆದುಕೊಂಡು ಆಚೆ ಬದಿಗೆ ಸರಿದು ನಡೆಯುತ್ತಾರೆ, ನಮ್ಮ ಬಾಗಿಲಿಗೆ ಜಡ್ಡು ಬಂದ ಹಾಗೆ. ಹಾಗೆ ನಡೆಯುವಾಗ ಅರ್ಧದಷ್ಟು ಜನ ಕುಂಟುತ್ತಾರೆ. ಅವ್ವ ಚಾಪೆಯ ಮೇಲೆ ಮಲಗಿ ಜಂತಿ ನೋಡುತ್ತಿದ್ದಳು. ಗಂಜಿ ಕೊಟ್ಟರೆ ಕುಡಿಯುತ್ತಿದ್ದಳು, ಮಾತು ಮಾತ್ರ ಇಲ್ಲ. ಅವಳಿಗೆ ನನ್ನ ಮೇಲೆ ಸಿಟ್ಟು, ನನಗೆ ಅವಳ ಮೇಲೆ. ಇಬ್ಬರ ನಡುವೆ ಗಂಜಿಯ ಬಟ್ಟಲು ಓಡಾಡುತ್ತಿತ್ತು.

ಸೇತುವೆ ಬಡಿದ ಇಪ್ಪತ್ತಾರನೆಯ ದಿನ ಊರೆಯ ಮರಗಳ ನಡುವೆ ಹುಲ್ಲು ಕೀಳುವಾಗ ದುಂಡವ್ವನ ಕಲ್ಲಿಗೆ ಸರಳು ಹಾಕಿ ನೋಡಿದೆ. ಅದೂ ಮೊಣಕೈತನಕ ಹೋಯಿತು. ಊರೆ ಇರುವತನಕ ಕಮಾನು ಬೀಳಲಿಕ್ಕಿಲ್ಲ. ಆದರೆ ಆ ಒಂದು ಕಲ್ಲು ಯಾವಾಗ ಬೇಕಾದರೂ ಕಳಚಬಹುದು. ಸುಣ್ಣ, ಕೊಳವೆ, ಇಮಾಮಸಾಬ, ಎಲ್ಲ ಅಲ್ಲೇ ಒಂದು ಮಾರು ದೂರದಲ್ಲಿ. ಬಾಯಿ ಬಿಟ್ಟರೆ ಸಾಕು. ಬಿಡುವುದಿಲ್ಲ ಆ ಹೆಂಗಸು. ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದು ಮುಖ ತೊಳೆದು, ಸರಳು ಕೈಯಲ್ಲಿ ಹಿಡಿದೇ ಹೊರಟೆ.

"ಎಲ್ಲಿಗೆ?" ಎಂದಳು ಅವ್ವ ಚಾಪೆಯಿಂದ. ಇಪ್ಪತ್ತಾರು ದಿನಕ್ಕೆ ಮೊದಲ ಮಾತು.

"ದುಂಡವ್ವನ ಮನಿಗೆ. ಇಷ್ಟು ಒಳಗ ಹೋಗೇತಿ ಅಂತ ಅಳತಿ ತೋರಿಸಿ ಬರ್ತೀನಿ. ಓಣಿ ಮಂದಿನೂ ನೋಡ್ಲಿ."

ಅವ್ವ ಎದ್ದು ಕೂತಳು. "ಬುದ್ಧಿಗೇಡಿ, ಮನಿ ಮುರುಕಿ, ನಮ್ಮ ಮಾನ ತಗದದ್ದು ಸಾಲಲಿಲ್ಲಂತ ಈಗ ಊರವರ ಬಾಗಲಾ ಬಡಿಯಾಕ ಹೊಂಟಿಯೇನ, ಯಾರ ಕಲ್ಲ ಹೆಂಗಿದ್ರ ನಿನಗೇನು, ನಿಮ್ಮಪ್ಪ ಇದ್ದಿದ್ರ ಕಾಲ ಮುರಿತಿದ್ದ, ನಾಕ ಮಂದಿ ಮುಂದ ತಲಿ ಎತ್ತಾಕ ಬರದಾಕಿ ಈಗ ಹೊಳಿ ಹುಲಿ ಆಗ್ಯಾಳ, ನಿನ್ನ ಹಡದ ದಿನ ಆ ಸುಣ್ಣ ನಿನ್ನ ಅಂಗಾಲಿಗೆ ಹಚ್ಚೂ ಬದ್ಲಿ ನಾಲಿಗಿಗೆ ಹಚ್ಚಿದ್ರ ಚಲೋ ಇತ್ತು, ದುಂಡವ್ವ ಚಪ್ಪಲಿ ತಗೊಂಡ್ರ ನನ್ನ ಮುಂದ ಅಳಾಕ ಬರಬ್ಯಾಡ ಮತ್ತ..."

ನಾನು ಹೊಸ್ತಿಲಲ್ಲಿ ನಿಂತು ಪೂರ್ತಿ ಕೇಳಿದೆ. ಬೈದಳು, ಬೈದಳು, ಗೋಡೆಯ ಮೇಲಿನ ಮೊರ ಅದುರುವಷ್ಟು ಬೈದಳು. ಒಮ್ಮೆಯೂ ಪಕ್ಕೆ ಹಿಡಿಯಲಿಲ್ಲ, ಒಮ್ಮೆಯೂ ಉಸಿರಿಗಾಗಿ ನಿಲ್ಲಲಿಲ್ಲ. ಅವಳಿಗೆ ಇದು ಗೊತ್ತೇ ಆಗಲಿಲ್ಲ, ಅಷ್ಟು ಸಿಟ್ಟಿನಲ್ಲಿದ್ದಳು. ಬೈಗುಳ ಮುಗಿದ ಮೇಲೆ ನಾನು ದುಂಡವ್ವನ ಮನೆಗೆ ಹೋಗಿ ಬಾಗಿಲು ಬಡಿದೆ.